ಕಂಪನಿ ಕೊಡುವ ಲ್ಯಾಬ್ ತಗೊಳ್ಳಿ, ಅವರ ಸುಟ್ಟ ಸಾಮಾನನ್ನೂ ಕೇಳಿ ತಗೊಳ್ಳಿ

ಪ್ರಶ್ನೆ: ನಾನು ಎಲೆಕ್ಟ್ರಿಷಿಯನ್ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ಪಾಠ ಮಾಡುತ್ತೇನೆ. ಸ್ವಿಚ್‌ಗೇರ್ (ಕರೆಂಟ್ ಹರಿವನ್ನು ನಿಯಂತ್ರಿಸುವ, ಕಡಿಯುವ ಸಾಮಾನು) ತಯಾರಿಸುವ ಒಂದು ಕಂಪನಿ ನಮ್ಮ ಜೊತೆ ಒಪ್ಪಂದ ಮಾಡಿಕೊಳ್ಳಲು ಮುಂದೆ ಬಂದಿದೆ. ಹೊಸ ಲ್ಯಾಬ್ ಕಟ್ಟಿಕೊಡುತ್ತಾರಂತೆ, ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುತ್ತಾರಂತೆ, ಮಕ್ಕಳಿಗೆ ತಮ್ಮ ಹೆಸರಿನ ಸರ್ಟಿಫಿಕೇಟ್ ಕೊಡುತ್ತಾರಂತೆ. ಬದಲಿಗೆ ಲ್ಯಾಬ್‌ಗೆ ಅವರ ಹೆಸರಿಡಬೇಕು, ಅಲ್ಲಿ ಅವರ ಸಾಮಾನು ಮಾತ್ರ ಇರಬೇಕು, ಕೆಲಸಕ್ಕೆ ಆರಿಸುವಾಗ ಮೊದಲ ಅವಕಾಶ ಅವರಿಗೇ ಕೊಡಬೇಕು. ನಮ್ಮ ಹಿರಿಯ ಶಿಕ್ಷಕರು 'ಇದು ಶೋರೂಂ ಆಗುತ್ತೆ, ಮಕ್ಕಳು ಒಂದೇ ಬ್ರ್ಯಾಂಡಿನ ಎಲೆಕ್ಟ್ರಿಷಿಯನ್ ಆಗಿಬಿಡ್ತಾರೆ' ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬೇಕಾ, ಬೇಡವಾ? ಒಪ್ಪಿದರೆ ಏನೇನು ಬರೆಸಿಕೊಳ್ಳಬೇಕು?

ಉತ್ತರ: ಒಪ್ಪಿಕೊಳ್ಳಿ. ಆದರೆ ಈಗ ಇರುವ ಹಾಗೆ ಸಹಿ ಹಾಕಬೇಡಿ. 'ಅವರ ಸಾಮಾನು ಮಾತ್ರ' ಅನ್ನುವ ಷರತ್ತು ಹೋಗಬೇಕು. ಉಳಿದ ಷರತ್ತುಗಳನ್ನು ಮಾತಾಡಿ ಸರಿ ಮಾಡಿಕೊಳ್ಳಬಹುದು. ಇನ್ನೊಂದು ಮಾತು. ಕಂಪನಿಯವರು ಕೊಡಲು ಬಂದಿರುವುದಕ್ಕಿಂತ ಬೆಲೆಬಾಳುವ ಒಂದು ವಸ್ತು ಅವರ ಹತ್ತಿರ ಇದೆ. ಅದನ್ನು ಅವರು ತಾವಾಗಿ ಕೊಡುವುದಿಲ್ಲ, ನೀವು ಕೇಳಬೇಕು. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ.

ಒಪ್ಪಿಕೊಳ್ಳಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಇವತ್ತಿನ ಎಲೆಕ್ಟ್ರಿಷಿಯನ್ ಕೆಲಸವನ್ನು ಯಾವ ತರಬೇತಿ ಸಂಸ್ಥೆಯೂ ಒಂಟಿಯಾಗಿ ಕಲಿಸಲು ಆಗುವುದಿಲ್ಲ. ಪಠ್ಯಕ್ರಮ ಬದಲಾಗಲು ವರ್ಷಗಳೇ ಬೇಕು. ಸಾಮಾನು ಅಷ್ಟು ಕಾಯುವುದಿಲ್ಲ. ಕರೆಂಟ್ ಸೋರಿದರೆ ತಾನಾಗಿ ಸಪ್ಲೈ ಕಡಿಯುವ, ಅಂದರೆ ಟ್ರಿಪ್ ಆಗುವ, ಆರ್‌ಸಿಸಿಬಿ ಅನ್ನುವ ಸ್ವಿಚ್ಚನ್ನೇ ನೋಡಿ. ಹಿಂದೆ '30 ಮಿಲಿಆಂಪ್ ಸೋರಿಕೆಗೆ ಟ್ರಿಪ್ ಆಗುತ್ತೆ' ಅಂತ ಹೇಳಿಕೊಟ್ಟರೆ ಮುಗಿಯುತ್ತಿತ್ತು. ಈಗ ಯಾವ ಬಗೆಯ ಸೋರಿಕೆ ಗುರುತಿಸುತ್ತದೆ ಅನ್ನುವುದರ ಮೇಲೆ ಎಸಿ ಟೈಪ್, ಎ ಟೈಪ್, ಎಫ್ ಟೈಪ್, ಬಿ ಟೈಪ್ ಅಂತ ಬೇರೆಬೇರೆ ಇವೆ. ಎಲೆಕ್ಟ್ರಿಕ್ ವಾಹನದ ಚಾರ್ಜರ್‌ನಿಂದ ಡಿಸಿ ಕರೆಂಟ್ ಸೋರಿದರೆ ಎಸಿ ಟೈಪ್ ಆರ್‌ಸಿಸಿಬಿಯಲ್ಲಿ ಸೋರಿಕೆ ಗುರುತಿಸುವ ಕಾಂತೀಯ ಕೋರ್ ಸ್ಯಾಚುರೇಟ್ ಆಗಿ (ತುಂಬಿಹೋಗಿ), ನಿಜವಾದ ಸೋರಿಕೆ ಬಂದಾಗಲೂ ಅದು ಸುಮ್ಮನಿರಬಹುದು. ಅದಕ್ಕೇ ಅಂತಹ ಕಡೆ ಬಿ ಟೈಪ್ ಬೇಕು, ಇಲ್ಲವೇ ಎ ಟೈಪ್ ಜೊತೆಗೆ 6 ಮಿಲಿಆಂಪ್ ಡಿಸಿಯನ್ನು ಗುರುತಿಸುವ ವ್ಯವಸ್ಥೆ ಬೇಕು. ಇದನ್ನು ಬೋರ್ಡ್ ಮೇಲೆ ಬರೆದು ಹೇಳಬಹುದು. ಆದರೆ ಕೈಯಲ್ಲಿ ಹಿಡಿದು, ಟೆಸ್ಟರ್ ಹಾಕಿ, ಒಂದು ಟ್ರಿಪ್ ಆಗಿದ್ದನ್ನೂ ಇನ್ನೊಂದು ಆಗದೇ ಉಳಿದಿದ್ದನ್ನೂ ಕಂಡರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಸೋಲಾರ್ ಕಥೆಯೂ ಹೀಗೇ. ಚಾವಣಿ ಮೇಲಿನ ಪ್ಯಾನೆಲ್‌ಗಳ ಸಾಲಿನಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ದೊಡ್ಡ ಸ್ಥಾವರಗಳಲ್ಲಿ ಅದು 1500 ವೋಲ್ಟ್‌ವರೆಗೂ ಹೋಗುತ್ತದೆ. ಎಸಿಯಲ್ಲಿ ಕರೆಂಟ್ ಪ್ರತಿ ಅರ್ಧ ಆವರ್ತನಕ್ಕೊಮ್ಮೆ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರಲು ಅವಕಾಶ ಇದೆ. ಡಿಸಿಯಲ್ಲಿ ಆ ಅವಕಾಶ ಇಲ್ಲ, ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಎಸಿ ಸ್ವಿಚ್ ಒಂದನ್ನು ಡಿಸಿಗೆ ಹಾಕುವ ಹುಡುಗನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿರಬೇಕು, ಅಲ್ವಾ?

ಇದರ ಜೊತೆ ಇನ್ನೊಂದು ಸರಳ ಕಾರಣವೂ ಇದೆ. ಎಲೆಕ್ಟ್ರಿಷಿಯನ್ ತರಬೇತಿ ಸಾಮಾನು ತಿನ್ನುತ್ತದೆ. ಕತ್ತರಿಸಿದ ಕೇಬಲ್ ಮತ್ತೆ ಉದ್ದ ಆಗುವುದಿಲ್ಲ, ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ತುಂಡು, ಅಂದರೆ ಲಗ್, ಮತ್ತೆ ಬಳಕೆಗೆ ಬರುವುದಿಲ್ಲ. ಒಬ್ಬ ಹುಡುಗಿ ನೂರು ಲಗ್ ಒತ್ತಿದರೆ ನೂರೂ ಖರ್ಚು. ಖರ್ಚಿಗೆ ಹೆದರಿ ಸಂಸ್ಥೆಗಳು ನಾಲ್ಕು ಲಗ್ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತವೆ. ಕೈ ಪಳಗುವುದೇ ಇಲ್ಲ. ಸಾಮಾನು ತಯಾರಿಸುವವರಿಗೆ ಈ ಖರ್ಚು ಅಷ್ಟು ದೊಡ್ಡದಲ್ಲ.

ಕಂಪನಿ ಯಾಕೆ ಬಂದಿದೆ ಅನ್ನುವುದನ್ನೂ ಒಮ್ಮೆ ಬಿಡಿಸಿ ನೋಡಬೇಕು. ಅನುಮಾನ ಪಡಲು ಇದನ್ನು ಹೇಳುತ್ತಿಲ್ಲ. ಅವರಿಗೆ ಏನು ಬೇಕು ಅಂತ ಗೊತ್ತಿದ್ದರೆ ಮಾತುಕತೆ ಸುಲಭ. ಮೊದಲನೆಯದು ಮಾರಾಟ. ಮನೆ ಕಟ್ಟುವವರು ಯಾವ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಲಿ ಅಂತ ಕೇಳುವುದು ಎಲೆಕ್ಟ್ರಿಷಿಯನ್ನನ್ನೇ. ಕಲಿಯುವಾಗ ಕೈಗೆ ಒಗ್ಗಿದ ಹೆಸರೇ ಬಾಯಿಗೆ ಬರುತ್ತದೆ. ಎರಡನೆಯದು ನೇಮಕಾತಿ. ಸರ್ವೀಸ್ ವಿಭಾಗಕ್ಕೆ ಕೈ ಪಳಗಿದವರು ಸಿಗುವುದು ಕಷ್ಟ. ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಕಾರಣ. ಅವರ ಸಾಮಾನು ಹಾಳಾಗಿದೆ ಅಂತ ಬರುವ ದೂರುಗಳಲ್ಲಿ ಎಷ್ಟೋ ದೂರುಗಳಿಗೆ ಮೂಲ ಸಾಮಾನಿನಲ್ಲಿ ಇರುವುದಿಲ್ಲ, ಅದನ್ನು ಜೋಡಿಸಿದ ರೀತಿಯಲ್ಲಿ ಇರುತ್ತದೆ. ಚೆನ್ನಾಗಿ ಜೋಡಿಸುವವರು ಹೆಚ್ಚಾದರೆ ಕಂಪನಿಗೆ ನೇರ ಲಾಭ. ಈ ಮೂರನೇ ಕಾರಣದಲ್ಲಿ ನಿಮ್ಮ ಹಿತವೂ ಅವರ ಹಿತವೂ ಒಂದೇ. ಮಾತುಕತೆಯನ್ನು ಅಲ್ಲಿಂದ ಶುರು ಮಾಡಿ.

ಈಗ ನಿಮ್ಮ ಹಿರಿಯರ ಆತಂಕಕ್ಕೆ ಬರೋಣ. ಒಂದೇ ಬ್ರ್ಯಾಂಡಿನ ಎಲೆಕ್ಟ್ರಿಷಿಯನ್ ಆಗಿಬಿಡುತ್ತಾರೆ ಅನ್ನುವುದು ಅರ್ಧ ನಿಜ. ಯಾವ ಅರ್ಧ ಅಂತ ನೋಡಬೇಕು.

ಕೆಲಸದ ಬುನಾದಿ ಯಾವ ಕಂಪನಿಗೂ ಸೇರಿದ್ದಲ್ಲ. ಐಇಸಿ 60898 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಯಾರಾದ ಯಾವುದೇ ಎಂಸಿಬಿ ತಗೊಳ್ಳಿ. ಬಿ ಕರ್ವ್ ಅಂದರೆ ರೇಟಿಂಗ್‌ನ 3ರಿಂದ 5 ಪಟ್ಟು ಕರೆಂಟ್‌ನ ಮಧ್ಯೆ ತಕ್ಷಣ ಬೀಳಬೇಕು, ಸಿ ಕರ್ವ್ ಅಂದರೆ 5ರಿಂದ 10 ಪಟ್ಟು, ಡಿ ಕರ್ವ್ ಅಂದರೆ 10ರಿಂದ 20 ಪಟ್ಟು. ಹೆಸರು ಯಾವುದಾದರೂ ಲೆಕ್ಕ ಇದೇ. ವೈರಿಂಗ್‌ಗೆ ಸಂಬಂಧಿಸಿದ ಐಇಸಿ 60364 ಹೇಳುವ ಪರೀಕ್ಷೆಗಳೂ ಅಷ್ಟೇ. ಮೊದಲು ಕಣ್ಣಿನಿಂದ ತಪಾಸಣೆ, ಆಮೇಲೆ ಅರ್ತ್ ವೈರಿನ ಕಂಟಿನ್ಯುಟಿ (ಎಲ್ಲೂ ತುಂಡಾಗಿಲ್ಲ ಅನ್ನುವುದು), ಆಮೇಲೆ ಇನ್ಸುಲೇಷನ್. ಸಾಮಾನ್ಯ ಲೋ ವೋಲ್ಟೇಜ್ ಸರ್ಕ್ಯೂಟಿಗೆ 500 ವೋಲ್ಟ್ ಡಿಸಿ ಹಾಕಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಇವುಗಳನ್ನು ಒಂದೇ ಕಂಪನಿಯ ಬೋರ್ಡಿನಲ್ಲಿ ಕಲಿತರೂ ನಷ್ಟವೇನೂ ಇಲ್ಲ.

ಆದರೆ ಕೆಲಸದ ಇನ್ನೊಂದು ಅರ್ಧ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ವೈರಿನ ಸಿಪ್ಪೆ ಎಷ್ಟು ಮಿಲಿಮೀಟರ್ ಸುಲಿಯಬೇಕು, ಸ್ಕ್ರೂ ಎಷ್ಟು ನ್ಯೂಟನ್ ಮೀಟರ್ ಬಿಗಿ ಮಾಡಬೇಕು, ಒಂದು ಟರ್ಮಿನಲ್‌ಗೆ ಎರಡು ವೈರ್ ಹಾಕಬಹುದಾ, ಕರೆಂಟ್ ಹಂಚುವ ಲೋಹದ ಪಟ್ಟಿ (ಬಸ್‌ಬಾರ್) ಮೇಲಿನಿಂದ ಬರುತ್ತದಾ ಕೆಳಗಿನಿಂದಲಾ, ಯಾವ ಎಂಸಿಬಿ ಜೊತೆ ಯಾವ ಆರ್‌ಸಿಸಿಬಿ ಹೊಂದುತ್ತದೆ, ಇವೆಲ್ಲ ತಯಾರಕರು ಕೊಡುವ ಹಾಳೆಯಲ್ಲಿ ಮಾತ್ರ ಇರುತ್ತವೆ. ಸೋಲಾರ್ ಕನೆಕ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಕಂಪನಿಯ ಗಂಡು ತುದಿ ಇನ್ನೊಂದು ಕಂಪನಿಯ ಹೆಣ್ಣು ತುದಿಗೆ ಟಕ್ ಅಂತ ಕೂರುತ್ತದೆ. ನೋಡಲು ಸರಿಯಾಗೇ ಇರುತ್ತದೆ. ಒಳಗಿನ ಲೋಹ, ಸ್ಪ್ರಿಂಗಿನ ಒತ್ತಡ, ಅಳತೆಯ ಸೂಕ್ಷ್ಮ ವ್ಯತ್ಯಾಸ ಬೇರೆ ಇರುವುದರಿಂದ ಕಾಲ ಕಳೆದಂತೆ ಅಲ್ಲಿ ಬಿಸಿ ಹುಟ್ಟುತ್ತದೆ. ಚಾವಣಿ ಸೋಲಾರ್‌ನ ಬೆಂಕಿ ಅನಾಹುತಗಳಿಗೆ ಇದು ತಜ್ಞರು ಮತ್ತೆಮತ್ತೆ ಹೇಳುವ ಕಾರಣಗಳಲ್ಲಿ ಒಂದು. ಎರಡೂ ತುದಿ ಒಂದೇ ತಯಾರಕರ ಒಂದೇ ಮಾದರಿಯವೇ ಆಗಿರಬೇಕು ಅನ್ನುವ ನಿಯಮ ಇರುವುದು ಇದಕ್ಕೇ.

ಈಗ ಯೋಚಿಸಿ. ಲ್ಯಾಬಿನಲ್ಲಿ ಒಂದೇ ಕಂಪನಿಯ ಕನೆಕ್ಟರ್ ಇದ್ದರೆ ವಿದ್ಯಾರ್ಥಿಗೆ ಈ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಬ್ರ್ಯಾಂಡುಗಳ ಮಧ್ಯೆ ವ್ಯತ್ಯಾಸ ಇದೆ ಅನ್ನುವುದು ಗೊತ್ತಾಗಲು ಎರಡನೆಯ ಬ್ರ್ಯಾಂಡ್ ಎದುರಿಗೆ ಇರಬೇಕು. 'ಅವರ ಸಾಮಾನು ಮಾತ್ರ' ಅನ್ನುವ ಷರತ್ತನ್ನು ನಾನು ಒಪ್ಪದಿರಲು ಕಾರಣ ಇದು. ನ್ಯಾಯ, ಸ್ಪರ್ಧೆ ಅಂತೆಲ್ಲ ವಾದ ಮಾಡಬೇಕಾಗಿಲ್ಲ. ಸುರಕ್ಷತೆಯ ಪಾಠವೇ ಅರ್ಧ ಆಗಿಬಿಡುತ್ತದೆ ಅಂತ ಅವರಿಗೆ ಹೇಳಿ. ಅವರ ಎಂಜಿನಿಯರ್‌ಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಾರ್ಕೆಟಿಂಗ್‌ನವರ ಜೊತೆಗಿನ ಸಭೆಗೆ ಅವರ ಎಂಜಿನಿಯರ್ ಒಬ್ಬರು ಬರಲಿ ಅಂತ ಕೇಳುವುದು ಈ ಕಾರಣಕ್ಕೂ ಒಳ್ಳೆಯದು.

ಪಾಠ ಮಾಡುವಾಗ ಹೀಗೆ ಮಾಡಿ. ಒಂದೇ ಕೆಲಸವನ್ನು ಮೂರು ಬೇರೆ ಕಂಪನಿಯ ಡಿಬಿಗಳಲ್ಲಿ (ಎಂಸಿಬಿಗಳನ್ನು ಜೋಡಿಸುವ ಪೆಟ್ಟಿಗೆಗಳಲ್ಲಿ) ಮಾಡಿಸಿ. ಪ್ರತಿ ಸಲವೂ ಮೊದಲ ಹತ್ತು ನಿಮಿಷ ಉಪಕರಣ ಮುಟ್ಟುವಂತಿಲ್ಲ, ಹಾಳೆ ಮಾತ್ರ ಓದಬೇಕು. ಪರೀಕ್ಷೆಯ ದಿನ ಅವರು ಯಾವತ್ತೂ ನೋಡದ ನಾಲ್ಕನೇ ಕಂಪನಿಯ ಪೆಟ್ಟಿಗೆ ಕೊಡಿ. ಹಾಳೆ ಓದಿ ಸರಿಯಾಗಿ ಜೋಡಿಸಿದರೆ ಆ ಹುಡುಗನಿಗೆ ಯಾವ ಬ್ರ್ಯಾಂಡ್ ಬಂದರೂ ಹೆದರಿಕೆ ಇಲ್ಲ.

ಹಾಳೆ ಓದುವುದು ಇಷ್ಟು ದೊಡ್ಡ ವಿಷಯವಾ ಅಂತ ಕೇಳುವವರಿಗೆ ಅಮೆರಿಕದ ಅಲ್ಯೂಮಿನಿಯಂ ವೈರಿನ ಉದಾಹರಣೆ ಕೊಡುತ್ತೇನೆ. 1960ರ ದಶಕದ ನಡುವಿನಲ್ಲಿ ಅಲ್ಲಿ ತಾಮ್ರದ ಬೆಲೆ ಏರಿದಾಗ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಎಳೆದರು. ವೈರ್ ಹೊಸದು. ಸ್ವಿಚ್ಚು, ಸಾಕೆಟ್ಟು ತಾಮ್ರಕ್ಕೆ ಅಂತ ಮಾಡಿದ್ದವು. ಕೈಯೂ ತಾಮ್ರಕ್ಕೆ ಪಳಗಿದ್ದೇ. ಅಲ್ಯೂಮಿನಿಯಂ ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಒತ್ತಡದಲ್ಲಿ ನಿಧಾನವಾಗಿ ಜರುಗುತ್ತದೆ, ಮೇಲೆ ಕರೆಂಟ್ ಹರಿಯಲು ಬಿಡದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಸ್ಕ್ರೂಗಳು ಸಡಿಲವಾಗಿ ಬಿಸಿಯಾದವು. 1972ಕ್ಕಿಂತ ಮುಂಚೆ ತಯಾರಾದ ಅಲ್ಯೂಮಿನಿಯಂ ವೈರ್ ಇರುವ ಮನೆಗಳಲ್ಲಿ ಕನೆಕ್ಷನ್‌ಗಳು ಬೆಂಕಿಯ ಅಪಾಯದ ಮಟ್ಟ ಮುಟ್ಟುವ ಸಾಧ್ಯತೆ, ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಅಂತ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳಿದೆ. ಆಮೇಲೆ ವೈರಿನ ಮಿಶ್ರಲೋಹ ಬದಲಾಯಿತು, ಅದಕ್ಕೆ ಒಗ್ಗುವ ಸಾಕೆಟ್ ಬಂತು. ಸಾಮಾನು ತಯಾರಿಸುವವರು, ಅದನ್ನು ಜೋಡಿಸುವವರು, ಜೋಡಿಸಲು ಕಲಿಸುವವರು ಒಬ್ಬರ ಜೊತೆ ಒಬ್ಬರು ಮಾತಾಡದಿದ್ದರೆ ಅದರ ಬೆಲೆ ಕಟ್ಟುವುದು ಆ ಮನೆಯಲ್ಲಿ ಮಲಗಿರುವವರು. ನಿಮ್ಮ ಮುಂದಿರುವ ಒಪ್ಪಂದ ನನಗೆ ಮುಖ್ಯ ಅನ್ನಿಸುವುದು ಇದರಿಂದಲೇ.

ಬಿಗಿ ಮಾಡುವ ವಿಷಯ ಈಗಲೂ ಮುಗಿದಿಲ್ಲ. ತಯಾರಕರು ಟಾರ್ಕ್ (ಬಿಗಿಯ ಬಲ) ಎಷ್ಟು ಅಂತ ಬರೆದಿದ್ದರೆ ಅದನ್ನು ಅಳೆಯುವ ಉಪಕರಣದಿಂದಲೇ ಬಿಗಿ ಮಾಡಬೇಕು ಅಂತ ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಸ್ಪಷ್ಟವಾಗಿ ಹೇಳಿದ್ದು 2017ರ ಆವೃತ್ತಿಯಲ್ಲಿ. ಅನುಭವ ಇರುವವರ ಕೈ ಅಂದಾಜು ಕೂಡ ಸಾಲದು ಅನ್ನುವ ತೀರ್ಮಾನಕ್ಕೆ ಬರಲು ಅಷ್ಟು ಕಾಲ ಹಿಡಿಯಿತು. ನಿಮ್ಮ ಲ್ಯಾಬಿಗೆ ಕಂಪನಿ ಒಂದೇ ಒಂದು ಉಪಕರಣ ಕೊಡುವುದಾದರೆ ಏನು ಕೇಳಲಿ ಅಂತ ನೀವು ಕೇಳಿದರೆ, ಟಾರ್ಕ್ ಸ್ಕ್ರೂಡ್ರೈವರ್ ಅಂತೀನಿ. ಪ್ರತಿ ಬೆಂಚಿಗೂ ಒಂದೊಂದು ಇರಲಿ.

ಇನ್ನು ಆಗಲೇ ಹೇಳಿದ ಆ ಬೆಲೆಬಾಳುವ ವಸ್ತು. ಕಂಪನಿಗೆ ವಾಪಸ್ ಬರುವ ಸುಟ್ಟ, ಕೆಟ್ಟ, ಕರಗಿದ ಸಾಮಾನು.

ಪ್ರತಿ ತಯಾರಕರ ಹತ್ತಿರವೂ ಇಂತಹ ರಾಶಿ ಇರುತ್ತದೆ. ಗ್ಯಾರಂಟಿಯಲ್ಲಿ ವಾಪಸ್ ಬಂದವು, ದೂರಿನ ಮೇಲೆ ಎತ್ತಿ ತಂದವು. ಅವರ ಗುಣಮಟ್ಟ ವಿಭಾಗದವರು ಬಿಚ್ಚಿ ನೋಡಿ, ಕಾರಣ ಬರೆದು, ಗುಜರಿಗೆ ಹಾಕುತ್ತಾರೆ. ಪಾಠ ಮಾಡುವವರಿಗೆ ಅದು ಬಂಗಾರ. ಹೊಸ ಸಾಮಾನು ಎಲ್ಲ ಸರಿ ಇದ್ದಾಗ ಹೇಗಿರುತ್ತದೆ ಅಂತ ತೋರಿಸುತ್ತದೆ. ಎಲೆಕ್ಟ್ರಿಷಿಯನ್ನನ್ನು ಜನ ಕರೆಯುವುದು ಏನೋ ಸರಿ ಇಲ್ಲದಾಗ.

ಒಂದು ಕರಗಿದ ಎಂಸಿಬಿ ಇದೆ ಅನ್ನಿ. ಟರ್ಮಿನಲ್ ಹತ್ತಿರ ಪ್ಲಾಸ್ಟಿಕ್ ಕಪ್ಪಾಗಿದೆ. ಒಳಗೆ ಟ್ರಿಪ್ ಆಗುವ ಯಂತ್ರ ಪೂರ್ತಿ ಸರಿ ಇದೆ. ಇದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು 'ಇಷ್ಟು ಬಿಸಿ ಆದರೂ ಇದು ಯಾಕೆ ಟ್ರಿಪ್ ಆಗಲಿಲ್ಲ?' ಅಂತ ಕೇಳಿ. ತುಂಬಾ ಮಂದಿ 'ಎಂಸಿಬಿ ಕೆಟ್ಟಿದೆ' ಅಂತಾರೆ. ಆಮೇಲೆ ಲೆಕ್ಕ ಮಾಡಿಸಿ. ಸ್ಕ್ರೂ ಸಡಿಲ ಇದ್ದ ಕಡೆ 0.1 ಓಮ್ ರೆಸಿಸ್ಟೆನ್ಸ್ ಹುಟ್ಟಿದೆ ಅಂತ ಇಟ್ಟುಕೊಳ್ಳಿ. 10 ಆಂಪ್ ಹರಿದರೆ 10 ಇಂಟು 10 ಇಂಟು 0.1, ಅಂದರೆ 10 ವ್ಯಾಟ್. ಬೆರಳ ತುದಿಯಷ್ಟು ಜಾಗದಲ್ಲಿ 10 ವ್ಯಾಟ್ ಗಂಟೆಗಟ್ಟಲೆ ಉರಿದರೆ ಪ್ಲಾಸ್ಟಿಕ್ ಕರಗದೇ ಇರುತ್ತದಾ? ಆದರೆ ಹರಿಯುತ್ತಿರುವುದು ಅದೇ 10 ಆಂಪ್. 16 ಆಂಪ್ ಎಂಸಿಬಿಗೆ ಅದು ಮಾಮೂಲಿ ಕರೆಂಟ್. ಲೂಸ್ ಕಾಂಟ್ಯಾಕ್ಟ್ ಕರೆಂಟನ್ನು ಹೆಚ್ಚಿಸುವುದಿಲ್ಲ, ಅದಕ್ಕೇ ಎಂಸಿಬಿ ಅದನ್ನು ಓವರ್‌ಲೋಡ್ ಅಂತ ಗುರುತಿಸುವುದಿಲ್ಲ. ಈ ಒಂದು ತುಂಡು ಕೈಯಲ್ಲಿ ಹಿಡಿದು ಈ ಲೆಕ್ಕ ಮಾಡಿದ ವಿದ್ಯಾರ್ಥಿ ಮುಂದೆ ಸ್ಕ್ರೂ ಬಿಗಿ ಮಾಡುವಾಗ ಬೇರೆ ರೀತಿ ಬಿಗಿ ಮಾಡುತ್ತಾನೆ. ನಾನು ಇದನ್ನು ತರಗತಿಗಳಲ್ಲಿ ಕಂಡಿದ್ದೇನೆ.

ಆರ್‌ಸಿಸಿಬಿ ಬೇರೆ ಥರದ ಪಾಠ ಹೇಳುತ್ತದೆ. 'ಸುಮ್ಸುಮ್ನೆ ಬೀಳುತ್ತೆ' ಅನ್ನುವ ದೂರಿನ ಮೇಲೆ ವಾಪಸ್ ಬರುವ ಆರ್‌ಸಿಸಿಬಿಗಳಲ್ಲಿ ಏನೂ ದೋಷ ಇಲ್ಲದವು ಇರುತ್ತವೆ. ಟೆಸ್ಟರ್ ಹಾಕಿದರೆ ಸರಿಯಾಗೇ ಬೀಳುತ್ತದೆ. ತೊಂದರೆ ಇರುವುದು ವೈರಿಂಗಿನಲ್ಲಿ. ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದು ಸರ್ಕ್ಯೂಟಿಗೆ ಸೇರಿಕೊಂಡಿರುತ್ತದೆ. ಇಲ್ಲವೇ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ನ್ಯೂಟ್ರಲ್ ವೈರ್ ಅರ್ತ್‌ಗೆ ತಾಗಿರುತ್ತದೆ. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸ್ ಬರದಿದ್ದರೆ ಆರ್‌ಸಿಸಿಬಿ ಬೀಳಲೇಬೇಕು, ಅದರ ಕೆಲಸವೇ ಅದು. ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ಹೊಸದು ಹಾಕುತ್ತಾನೆ, ಅದೂ ಬೀಳುತ್ತದೆ. ಕೊನೆಗೆ ಅದನ್ನು ಬೈಪಾಸ್ ಮಾಡಿ ಹೋಗಿಬಿಡುತ್ತಾನೆ. ಆ ಮನೆಗೆ ಇನ್ನು ರಕ್ಷಣೆ ಇಲ್ಲ. ಹೀಗೆ ವಾಪಸ್ ಬಂದ 'ಸರಿ ಇರುವ' ಆರ್‌ಸಿಸಿಬಿಯನ್ನೂ ಅದರ ದೂರಿನ ಚೀಟಿಯನ್ನೂ ಒಟ್ಟಿಗೆ ಇಟ್ಟು ಪಾಠ ಮಾಡಿ.

ಮೋಟರಿನ ವೇಗ ನಿಯಂತ್ರಿಸುವ ಡ್ರೈವ್‌ಗಳದ್ದು ಇನ್ನೂ ದುಬಾರಿ ಪಾಠ. ಮೋಟರಿನ ಇನ್ಸುಲೇಷನ್ ನೋಡಲು ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಅಳೆಯುವ ಮೀಟರ್) ಹಾಕುತ್ತಾರೆ. ಡ್ರೈವ್‌ನಿಂದ ವೈರ್ ಬಿಚ್ಚದೆ ಹಾಕಿದರೆ ಮೆಗ್ಗರಿನ ವೋಲ್ಟೇಜ್ ಡ್ರೈವ್ ಒಳಗಿನ ಸೆಮಿಕಂಡಕ್ಟರ್‌ಗಳಿಗೆ ಹೋಗಿ ಅವು ಸತ್ತುಹೋಗುತ್ತವೆ. ಪವರ್ ತೆಗೆದ ಮೇಲೂ ಡ್ರೈವಿನ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಕೆಲವು ನಿಮಿಷ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಅನ್ನುವುದು ಡ್ರೈವ್ ಮೇಲೇ ಬರೆದಿರುತ್ತದೆ, ಕಾದ ಮೇಲೂ ಅಳೆದು ನೋಡಿಯೇ ಮುಟ್ಟಬೇಕು. ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರ್‌ಗಳಲ್ಲೂ ಇಂತಹದೊಂದು ಸಿಗುತ್ತದೆ. ಹೀಟರಿನಂತಹ ಲೋಡಿಗೆ ಅನ್ವಯಿಸುವ, ಎಸಿ-1 ಅಂತ ಬರೆದ ದೊಡ್ಡ ಅಂಕಿ ನೋಡಿ ಮೋಟರಿಗೆ ಹಾಕಿರುತ್ತಾರೆ. ಮೋಟರಿಗೆ ನೋಡಬೇಕಾದ್ದು ಎಸಿ-3 ಅಂಕಿ. ಕಾಂಟ್ಯಾಕ್ಟ್‌ಗಳು ಅಂಟಿಕೊಂಡು ಮೋಟರ್ ನಿಲ್ಲುವುದೇ ಇಲ್ಲ.

ಕಂಪನಿಯವರು ಇದನ್ನು ಕೊಡಲು ಹಿಂಜರಿಯಬಹುದು. ತಮ್ಮ ಹೆಸರಿನ ಸುಟ್ಟ ಸಾಮಾನು ಶೋಕೇಸಿನಲ್ಲಿ ಇರುವುದು ಯಾರಿಗೆ ಇಷ್ಟ? ಹೆಸರು ಅಳಿಸಿ ಕೊಡಿ, ಗ್ರಾಹಕರ ವಿವರ ಬೇಡ, ಫೋಟೋ ಹೊರಗೆ ಹೋಗುವುದಿಲ್ಲ ಅಂತ ಬರೆದುಕೊಡಿ. ಕಾರಣದ ಹಾಳೆ ಮಾತ್ರ ಬೇಕೇ ಬೇಕು. ಕಾರಣ ಗೊತ್ತಿಲ್ಲದ ಸುಟ್ಟ ತುಂಡಿನಿಂದ ಊಹೆಯಷ್ಟೇ ಬೆಳೆಯುತ್ತದೆ. ವರ್ಷಕ್ಕೆ ಎರಡು ಸಲ ಹೊಸ ಮಾದರಿಗಳು ಬರುವಂತೆ ಮಾತಾಡಿ. ಅವರ ದೂರು ವಿಭಾಗದ ಎಂಜಿನಿಯರ್ ಒಬ್ಬರು ಬಂದು ಒಂದು ದಿನ ಪಾಠ ಮಾಡಿದರಂತೂ ಬ್ರೋಷರ್ ಹಿಡಿದು ಬರುವವರ ಹತ್ತು ಉಪನ್ಯಾಸಕ್ಕಿಂತ ಮೇಲು.

ಶಿಕ್ಷಕರ ತರಬೇತಿ ಬಗ್ಗೆಯೂ ಇದೇ ಮಾತು. ಎರಡು ದಿನ ಹೋಟೆಲಿನಲ್ಲಿ ಕೂರಿಸಿ ಉತ್ಪನ್ನಗಳ ಪಟ್ಟಿ ತೋರಿಸುವುದನ್ನು ತರಬೇತಿ ಅನ್ನಬೇಡಿ. ನಿಮ್ಮ ಇಬ್ಬರು ಶಿಕ್ಷಕರನ್ನು ರಜೆಯಲ್ಲಿ ಕೆಲವು ವಾರ ಅವರ ಸರ್ವೀಸ್ ತಂಡದ ಜೊತೆ ಕಳಿಸಿ. ದೂರು ಬಂದ ಕಡೆ ಹೋಗಲಿ, ನೋಡಲಿ. ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಗುತ್ತಿಗೆದಾರರ ಸಂಘವೂ ಕಾರ್ಮಿಕ ಸಂಘವೂ ಸೇರಿ 1941ರಿಂದ ಅಪ್ರೆಂಟಿಸ್ ತರಬೇತಿಯ ಜಂಟಿ ವ್ಯವಸ್ಥೆ ನಡೆಸುತ್ತಿವೆ. ಅವರು ಬೇಸಿಗೆಯಲ್ಲಿ ತರಬೇತುದಾರರಿಗೇ ತರಬೇತಿ ಇಡುತ್ತಾರೆ, ಉಪಕರಣ ತಯಾರಿಸುವ ಕಂಪನಿಗಳು ಅಲ್ಲಿಗೆ ತಮ್ಮ ಸಾಮಾನು ಹಿಡಿದುಕೊಂಡು ಬರುತ್ತವೆ. ಅಲ್ಲಿ ಒಂದು ಸೂರಿನಡಿ ಹಲವು ಕಂಪನಿಗಳು ಇರುತ್ತವೆ ಅನ್ನುವುದನ್ನು ಗಮನಿಸಿ.

ಈ ಉದಾಹರಣೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ತರಬೇತಿಯ ಬೆನ್ನೆಲುಬು ಗುತ್ತಿಗೆದಾರರು. ತಯಾರಕರು ಜೊತೆಗಾರರು. ನಿಮ್ಮ ಒಪ್ಪಂದದಲ್ಲಿ ಗುತ್ತಿಗೆದಾರರೇ ಇಲ್ಲ. ಇದು ದೊಡ್ಡ ಕೊರತೆ, ಹಲವರು ಇದನ್ನು ಗಮನಿಸುವುದಿಲ್ಲ.

ಸ್ವಿಚ್‌ಗೇರ್ ಕಂಪನಿ ನಿಮ್ಮ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಂಡರೆ ಏನು ಕೆಲಸ ಕೊಡುತ್ತದೆ? ಪ್ಯಾನೆಲ್ ಜೋಡಣೆ. ಸಾಲಾಗಿ ನಿಂತ ಪ್ಯಾನೆಲ್‌ಗಳಿಗೆ ಡ್ರಾಯಿಂಗ್ ನೋಡಿ ವೈರ್ ಎಳೆಯುವುದು, ವೈರಿನ ತುದಿಗೆ ಫೆರೂಲ್ ಹಾಕುವುದು, ನಂಬರ್ ಹಚ್ಚುವುದು. ಅದರಲ್ಲಿ ಶಿಸ್ತು ಬರುತ್ತದೆ, ಡ್ರಾಯಿಂಗ್ ಓದಲು ಬರುತ್ತದೆ, ಕೈ ಅಚ್ಚುಕಟ್ಟಾಗುತ್ತದೆ. ಆದರೆ ಎಲೆಕ್ಟ್ರಿಷಿಯನ್ ಕೆಲಸದ ಮುಕ್ಕಾಲು ಪಾಲು ಅಲ್ಲಿ ಇಲ್ಲವೇ ಇಲ್ಲ. ಹಳೆಯ ಕಟ್ಟಡದ ಗೋಡೆಯೊಳಗೆ ಯಾರೋ ಎಳೆದ ವೈರ್ ಹುಡುಕುವುದು, ನೀರು ಸೇರಿದ ಪೈಪ್, ಗುರುತೇ ಇಲ್ಲದ ಸರ್ಕ್ಯೂಟ್, ಅರ್ತಿಂಗ್ ಅಳತೆ, 'ಇವತ್ತೇ ಆಗಬೇಕು' ಅನ್ನುವ ಮಾಲೀಕರ ಎದುರು 'ಮೇನ್ ಆಫ್ ಮಾಡದೆ ಮುಟ್ಟಲ್ಲ' ಅಂತ ಹೇಳುವ ಧೈರ್ಯ, ಇವು ಕಾರ್ಖಾನೆಯಲ್ಲಿ ಕಲಿಯಲು ಸಿಗುವುದಿಲ್ಲ. ಆದ್ದರಿಂದ ಅಪ್ರೆಂಟಿಸ್ ಕಾಲವನ್ನು ಪೂರ್ತಿ ತಯಾರಕರ ಹತ್ತಿರ ಕಳೆಯಲು ಬಿಡಬೇಡಿ. ಒಂದು ಭಾಗ ಕಾರ್ಖಾನೆ, ದೊಡ್ಡ ಭಾಗ ಗುತ್ತಿಗೆದಾರರ ಸೈಟು. ಕಂಪನಿಯವರಿಗೆ ಗುತ್ತಿಗೆದಾರರು ಚೆನ್ನಾಗಿ ಗೊತ್ತಿರುತ್ತಾರೆ, ಸಾಮಾನು ಕೊಳ್ಳುವವರೇ ಅವರು. ಒಪ್ಪಂದಕ್ಕೆ ಒಬ್ಬಿಬ್ಬರು ಒಳ್ಳೆಯ ಗುತ್ತಿಗೆದಾರರನ್ನು ಕರೆತರುವ ಜವಾಬ್ದಾರಿಯನ್ನು ಕಂಪನಿಗೇ ಕೊಡಿ.

ಸ್ವಿಟ್ಜರ್ಲೆಂಡಿನಲ್ಲಿ ಎಲೆಕ್ಟ್ರಿಷಿಯನ್ ಆಗಲು 4 ವರ್ಷ ಹಿಡಿಯುತ್ತದೆ. ಅಲ್ಲಿ ಕಲಿಯುವ ಜಾಗ ಮೂರು. ಕೆಲಸ ಕೊಟ್ಟ ಸಂಸ್ಥೆ, ಶಾಲೆ, ಹಲವು ಸಂಸ್ಥೆಗಳು ಸೇರಿ ನಡೆಸುವ ತರಬೇತಿ ಕೇಂದ್ರ. ಒಬ್ಬ ಮಾಲೀಕರ ಹತ್ತಿರ ಯಾವ ಕೆಲಸ ಕಲಿಯಲು ಸಿಗುವುದಿಲ್ಲವೋ ಅದು ಮೂರನೇ ಜಾಗದಲ್ಲಿ ಸಿಗುತ್ತದೆ. ನಿಮ್ಮ ಹೊಸ ಲ್ಯಾಬ್ ಅಂತಹ ಮೂರನೇ ಜಾಗ ಆದರೆ ಚೆನ್ನ.

ಸರ್ಟಿಫಿಕೇಟ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕಂಪನಿ ತನ್ನ ಹೆಸರಿನ ಸರ್ಟಿಫಿಕೇಟ್ ಕೊಡಲಿ, ಅದು ಹೆಚ್ಚುವರಿ ಕಾಗದವಾಗಿ ಇರಲಿ. ವಿದ್ಯಾರ್ಥಿ ಪಾಸೋ ಫೇಲೋ ಅನ್ನುವುದನ್ನು ಕಂಪನಿ ನಿರ್ಧರಿಸಬಾರದು. ಪೂರ್ತಿ ನೀವೂ ನಿರ್ಧರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಜರ್ಮನಿಯಲ್ಲಿ ಕಂಪನಿ ಮತ್ತು ಶಾಲೆ ಸೇರಿ ಕಲಿಸುವ ಪದ್ಧತಿಗೆ 1969ರಿಂದ ಇಡೀ ದೇಶಕ್ಕೆ ಒಂದೇ ಕಾನೂನು ಇದೆ. ಅಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮೂರೂವರೆ ವರ್ಷ. ವಾರದ ಹೆಚ್ಚಿನ ದಿನ ಕೆಲಸದಲ್ಲಿ, ಒಂದೆರಡು ದಿನ ಶಾಲೆಯಲ್ಲಿ. ಕೊನೆಯ ಪರೀಕ್ಷೆ ನಡೆಸುವ ಹೊಣೆ ಕೈಕಸುಬಿನವರ ಅಥವಾ ಕೈಗಾರಿಕೆಯ ಚೇಂಬರ್‌ನದು (ಮಂಡಳಿಯದು). ಪರೀಕ್ಷಕರ ಸಮಿತಿಯಲ್ಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು, ಶಾಲೆಯ ಶಿಕ್ಷಕರು ಮೂವರೂ ಇರುತ್ತಾರೆ. ಈ ಏರ್ಪಾಡಿನಿಂದಲೇ ಒಂದು ಕಂಪನಿಯಲ್ಲಿ ಕಲಿತವರನ್ನು ಇನ್ನೊಂದು ಕಂಪನಿ ಕಣ್ಣುಮುಚ್ಚಿ ತಗೊಳ್ಳುತ್ತದೆ. ನಿಮಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಾಗಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಂಪನಿಯ ಎಂಜಿನಿಯರ್ ಒಬ್ಬರು, ಆ ಕಂಪನಿಗೆ ಸಂಬಂಧ ಇಲ್ಲದ ಗುತ್ತಿಗೆದಾರರೊಬ್ಬರು, ನಿಮ್ಮ ಶಿಕ್ಷಕರೊಬ್ಬರು ಕೂರಲಿ. ದೋಷ ಹುಡುಕುವ ಬೋರ್ಡ್ ಒಂದು ಇರಲೇಬೇಕು. ವರ್ಲ್ಡ್‌ಸ್ಕಿಲ್ಸ್ ಅನ್ನುವ ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆಯ ಎಲೆಕ್ಟ್ರಿಕಲ್ ವಿಭಾಗದಲ್ಲೂ ದೋಷ ಹುಡುಕುವ ಪರೀಕ್ಷೆ ಇದೆ.

ಕೆಲಸಕ್ಕೆ ಮೊದಲ ಅವಕಾಶ ಕೇಳಿದ್ದಾರೆ, ಕೊಡಿ. ಮಕ್ಕಳಿಗೆ ಕೆಲಸ ಸಿಗುವುದು ಒಳ್ಳೆಯದೇ. ಬಾಂಡ್ ಬರೆಸಿಕೊಳ್ಳುವ ಹಾಗಿಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಮಾತ್ರ ಸೇರಿಸಿ. ಇನ್ನೊಂದು, ಲ್ಯಾಬ್ ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿರಬೇಕು. ಆರಿಸಿದ ಇಪ್ಪತ್ತು ಜನಕ್ಕೆ ಹೊಸ ಲ್ಯಾಬ್, ಉಳಿದವರಿಗೆ ಹಳೆಯ ಬೋರ್ಡ್ ಅನ್ನುವ ಪರಿಸ್ಥಿತಿ ಬರಬಾರದು. ಹಿಂದೆ ಉಳಿದವರೂ ನಾಳೆ ಯಾರದೋ ಮನೆಯ ವೈರಿಂಗ್ ಮಾಡುವವರೇ. ಅವರಿಗೇ ಈ ಲ್ಯಾಬ್ ಜಾಸ್ತಿ ಬೇಕು.

ಸುರಕ್ಷತೆಯ ಒಂದು ನಿಯಮವನ್ನು ಒಪ್ಪಂದದಲ್ಲೇ ಬರೆಸಿ. ಪ್ರದರ್ಶನಕ್ಕೆ ಬರುವ ಕಂಪನಿಯವರೂ ನಿಮ್ಮ ಲ್ಯಾಬಿನ ಶಿಸ್ತು ಪಾಲಿಸಬೇಕು. ಆಫ್ ಮಾಡು, ಬೀಗ ಹಾಕು, ಟೆಸ್ಟರ್ ಸರಿ ಇದೆಯಾ ನೋಡು, ಸಪ್ಲೈ ಇಲ್ಲ ಅಂತ ಖಚಿತ ಮಾಡಿಕೋ, ಟೆಸ್ಟರನ್ನು ಮತ್ತೊಮ್ಮೆ ನೋಡು, ಆಮೇಲೆ ಮುಟ್ಟು. ಅನುಭವಿ ಎಂಜಿನಿಯರ್ ಒಬ್ಬರು ಅವಸರದಲ್ಲಿ ಲೈವ್ ಬೋರ್ಡಿಗೆ ಕೈ ಹಾಕಿ ತೋರಿಸಿದರೆ, ನೀವು ವರ್ಷವಿಡೀ ಹೇಳಿದ್ದು ಅರ್ಧ ನಿಮಿಷದಲ್ಲಿ ಹೋಗಿಬಿಡುತ್ತದೆ. ಮಕ್ಕಳು ಕೇಳಿದ್ದಕ್ಕಿಂತ ನೋಡಿದ್ದನ್ನು ಬೇಗ ಕಲಿಯುತ್ತಾರೆ.

ಉಳಿದ ಷರತ್ತುಗಳು ಬೇಸರ ತರಿಸುವಂಥವು, ಆದರೆ ಒಪ್ಪಂದಗಳು ಸಾಯುವುದು ಅಲ್ಲೇ. ಉದ್ಘಾಟನೆಯ ದಿನ ಲ್ಯಾಬ್ ಹೊಳೆಯುತ್ತದೆ. ಎರಡು ವರ್ಷ ಆದ ಮೇಲೆ ಲಗ್ ಇಲ್ಲ, ಕೇಬಲ್ ಇಲ್ಲ, ಸಾಫ್ಟ್‌ವೇರ್ ಲೈಸೆನ್ಸ್ ಮುಗಿದಿದೆ, ಒಂದು ಡ್ರೈವ್ ಕೆಟ್ಟು ಕೂತಿದೆ, ಸಹಿ ಹಾಕಿದ ಅಧಿಕಾರಿ ಬೇರೆ ಕಂಪನಿಗೆ ಹೋಗಿದ್ದಾರೆ. ಹಾಗಾಗಿ ಪ್ರತಿ ವರ್ಷ ಪ್ರತಿ ವಿದ್ಯಾರ್ಥಿಗೆ ಎಷ್ಟು ಮೀಟರ್ ಕೇಬಲ್, ಎಷ್ಟು ಲಗ್ ಅಂತ ಅಂಕಿ ಸಮೇತ ಬರೆಸಿ. ಲೈಸೆನ್ಸ್ ನವೀಕರಣ ಯಾರ ಖರ್ಚು, ಟೆಸ್ಟರುಗಳ ಕ್ಯಾಲಿಬ್ರೇಷನ್ ಯಾರ ಖರ್ಚು, ಕೆಟ್ಟ ಉಪಕರಣ ಎಷ್ಟು ದಿನದಲ್ಲಿ ರಿಪೇರಿ ಆಗಬೇಕು ಅನ್ನುವುದೂ ಇರಲಿ. ಕ್ಯಾಲಿಬ್ರೇಷನ್ ಇಲ್ಲದ ಟೆಸ್ಟರ್ ಇಟ್ಟುಕೊಂಡು ಅಳತೆ ಕಲಿಸಬಾರದು. ಒಪ್ಪಂದ ಮುಗಿದ ದಿನ ಸಾಮಾನು ಸಂಸ್ಥೆಯದೇ ಆಗಬೇಕು. ವ್ಯಕ್ತಿಯ ಹೆಸರಿನ ಬದಲು ಹುದ್ದೆಯ ಹೆಸರಿನಲ್ಲಿ ಜವಾಬ್ದಾರಿ ಇರಲಿ, ಆಗ ಒಬ್ಬರು ಹೋದರೂ ಇನ್ನೊಬ್ಬರು ಉತ್ತರ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಕೇಳಿದರೆ ಅವರು ಓಡಿಹೋಗುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಒಂದೇ ಸಲ ಎಲ್ಲ ಕೇಳಬೇಕಾಗಿಲ್ಲ. ಒಂದು ವರ್ಷಕ್ಕೆ, ಒಂದು ಬ್ಯಾಚಿಗೆ ಅಂತ ಶುರು ಮಾಡಿ. ಆ ವರ್ಷ ಬೇರೆ ಕಂಪನಿಯ ಡಿಬಿಗಳನ್ನು ಪಕ್ಕದ ಕೋಣೆಯಲ್ಲಾದರೂ ಇಡಲು ಒಪ್ಪಿಸಿ. ವರ್ಷದ ಕೊನೆಯಲ್ಲಿ ಅವರ ಎಂಜಿನಿಯರ್‌ಗಳೇ ಮಕ್ಕಳ ಕೆಲಸವನ್ನು ಪರೀಕ್ಷಿಸಲಿ, ಬಿಗಿ ಮಾಡಿದ ಪ್ರತಿ ಸ್ಕ್ರೂವನ್ನೂ ಅಳೆಯಲಿ. ಹಾಳೆ ಓದಿ ಜೋಡಿಸುವ ಮಕ್ಕಳನ್ನು ಕಂಡ ಮೇಲೆ ಎರಡನೇ ವರ್ಷದ ಮಾತುಕತೆಯಲ್ಲಿ ನಿಮ್ಮ ಬಲ ಹೆಚ್ಚಿರುತ್ತದೆ. ಪಕ್ಕದ ಕೋಣೆಯಲ್ಲೂ ಬೇರೆ ಸಾಮಾನು ಬೇಡ, ಸುಟ್ಟ ತುಂಡುಗಳನ್ನೂ ಕೊಡುವುದಿಲ್ಲ, ಪರೀಕ್ಷೆಯೂ ನಮ್ಮದೇ ಅಂತ ಅವರು ಹಟ ಹಿಡಿದರೆ, ಆಗ ನಿಮ್ಮ ಹಿರಿಯ ಶಿಕ್ಷಕರ ಮಾತೇ ಸರಿ. ಸಹಿ ಹಾಕಬೇಡಿ, ಇನ್ನೊಂದು ಕಂಪನಿಯ ಬಾಗಿಲು ತಟ್ಟಿ.